ಕನ್ನಡಿಯಿಲ್ಲದ ಕ್ಯಾಮರಾ

(ವಿದ್ಯಾರ್ಥಿನಿ, ಅಂತಿಮ ಬಿ.ಎ.)

ನಮ್ಮ ಮನೆಗೆ ಇಂಗ್ಲಿಷ್ ಅಕ್ಷರವಿರುವ ಯಾವ ಕಾಗದ ಬಂದರೂ ಅದು ಕೊನೆಗೆ ನನ್ನ ಕೈಗೇ ಬಂದು ಸೇರುತ್ತದೆ. ಬ್ಯಾಂಕಿನ ನೋಟೀಸು, ವಿದ್ಯುತ್ ಬಿಲ್ಲಿನ ಹಿಂಬದಿ, ಮಾವಿನ ತೋಟಕ್ಕೆ ತಂದ ಔಷಧಿಯ ಡಬ್ಬಿಯ ಮೇಲಿನ ಚೀಟಿ, ಇವನ್ನೆಲ್ಲ ಓದಿ ಹೇಳುವ ಹುದ್ದೆ ಪಿ.ಯು.ಸಿ. ಸೇರಿದ ದಿನವೇ ನನಗೆ ದೊರೆಯಿತು. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ ಆದ್ದರಿಂದ ಈ ಹುದ್ದೆಗೆ ಸ್ಪರ್ಧಿಗಳಿಲ್ಲ, ಸಂಬಳವೂ ಇಲ್ಲ. ಹೀಗಿರುವಲ್ಲಿ 2025ರ ಯುಗಾದಿಯ ಮರುದಿನ ನಮ್ಮಣ್ಣ ಬಣ್ಣಬಣ್ಣದ ಪುಸ್ತಿಕೆಯೊಂದನ್ನು ನನ್ನ ಮುಂದಿಟ್ಟು, "ಇದ್ರಾಗೆ ಏನ್ ಬರ್ದವ್ರೋ ಒಸಿ ಓದಿ ಹೇಳಮ್ಮ" ಎಂದ. ಅದು ಮಿರರ್‌ಲೆಸ್ ಕ್ಯಾಮರಾ ಒಂದರ ಗುಣಗಳನ್ನು ಸಾರುವ ಪುಸ್ತಿಕೆ. ಬೆಲೆಯನ್ನು ಅಂಗಡಿಯವರು ಹಿಂಬದಿಯಲ್ಲಿ ಪೆನ್ನಿನಿಂದ ಬರೆದಿದ್ದರು: ಮಸೂರವಿಲ್ಲದೆ ಒಂದೂವರೆ ಲಕ್ಷ.

ಅಣ್ಣ ಓದಿದ್ದು ಎಸ್.ಎಸ್.ಎಲ್.ಸಿ.ಯವರೆಗೆ. ಶ್ರೀನಿವಾಸಪುರದಲ್ಲಿ ಅವನದೊಂದು ಸಣ್ಣ ಸ್ಟುಡಿಯೋ ಇದೆ. ಪಾಸ್‌ಪೋರ್ಟ್ ಅಳತೆಯ ಚಿತ್ರ, ಆಧಾರ್ ಕಾರ್ಡಿನ ಲ್ಯಾಮಿನೇಷನ್, ತೀರಿಹೋದ ಹಿರಿಯರ ಹಳೆಯ ಭಾವಚಿತ್ರವನ್ನು ದೊಡ್ಡದು ಮಾಡಿ ಚೌಕಟ್ಟು ಹಾಕಿಸಿಕೊಡುವುದು, ಇವು ದಿನನಿತ್ಯದ ವ್ಯಾಪಾರ. ನಿಜವಾದ ಅನ್ನ ಹುಟ್ಟುವುದು ಮದುವೆಗಳಲ್ಲಿ. ಕೋಲಾರ, ಮುಳಬಾಗಿಲು, ಮಾಲೂರು ಎಂದು ಕರೆದಲ್ಲಿಗೆ ಹೋಗುತ್ತಾನೆ. ರಜೆಯ ದಿನಗಳಲ್ಲಿ ದೀಪ ಹಿಡಿಯಲು ನಾನೂ ಜೊತೆಗೆ ಹೋಗುವುದುಂಟು. ಹೆಣ್ಣಿನ ಅಲಂಕಾರದ ಕೋಣೆಯೊಳಕ್ಕೆ ಗಂಡಸರು ಕಾಲಿಡುವಂತಿಲ್ಲವಾದ್ದರಿಂದ ಅಲ್ಲಿನ ಚಿತ್ರಗಳನ್ನು ನಾನೇ ತೆಗೆಯಬೇಕು. ಆದಕಾರಣ ಈ ವಿಷಯದಲ್ಲಿ ನನ್ನದು ಬರಿಯ ಪುಸ್ತಕಪಾಂಡಿತ್ಯವಲ್ಲವೆಂದು ವಾಚಕರು ದಯವಿಟ್ಟು ನಂಬಬೇಕು.

ಇತ್ತೀಚೆಗೆ ಮದುವೆಯವರು ಮುಂಗಡ ಕೊಡುವ ಮೊದಲು, "ನಿಮ್ಮತ್ರ ಮಿರರ್‌ಲೆಸ್ ಐತಾ?" ಎಂದು ಕೇಳುವುದು ವಾಡಿಕೆಯಾಗಿದೆ. ಯಾವ ಮಿರರ್ ಇಲ್ಲ, ಇಲ್ಲದಿದ್ದರೇನು ಲಾಭ ಎಂದು ಕೇಳುವವರನ್ನು ಮಾತ್ರ ನಾನು ಕಂಡಿಲ್ಲ. ಮುಳಬಾಗಿಲಿನ ಕಡೆಯ ಹಿರಿಯರೊಬ್ಬರು ಅಣ್ಣನ ವಿವರಣೆಯನ್ನೆಲ್ಲ ಗಂಭೀರವಾಗಿ ಕೇಳಿ, "ಕನ್ನಡಿ ಇಲ್ದಿದ್ರೆ ಹೋಗ್ಲಿ ಬಿಡಪ್ಪ, ನಮ್ಮನೇದೇ ಒಂದು ತಂದಿಕ್ತೀವಿ" ಎಂದರು. ಅವರ ಒಳ್ಳೆಯತನಕ್ಕೆ ನಮಸ್ಕಾರ. ಆದರೆ ಮಾತು ನಗೆಯದಲ್ಲ. ಈ ಒಂದು ಪ್ರಶ್ನೆಗೆ "ಇಲ್ಲ" ಎಂದು ಉತ್ತರಕೊಟ್ಟು ಅಣ್ಣ ಆ ಮಾಘಮಾಸದಲ್ಲಿ ಮೂರು ಮದುವೆಗಳನ್ನು ಕಳೆದುಕೊಂಡಿದ್ದ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕ್ಯಾಮರಾ ಒಳ್ಳೆಯ ಯಂತ್ರ. ನಮ್ಮಂಥವರಿಗೇ ಹೆಚ್ಚು ಒಳ್ಳೆಯದು. ಆದರೆ ಪುಸ್ತಿಕೆ ದಪ್ಪಕ್ಷರದಲ್ಲಿ ಸಾರುವ ಕಾರಣಗಳಿಗಾಗಿ ಅಲ್ಲ. ಅದು ಒಳ್ಳೆಯದಾಗಿರುವ ಕಾರಣ ಪುಸ್ತಿಕೆಯ ಒಂಬತ್ತನೆಯ ಪುಟದಲ್ಲಿ ಒಂದೇ ಸಾಲಿನಲ್ಲಿದೆ. ಅದು ನಮ್ಮ ಕೈಗೆ ಎಟುಕದಿರುವ ಕಾರಣ ಕೊನೆಯ ಪುಟದ ಇರುವೆಯಂಥ ಅಕ್ಷರದಲ್ಲಿದೆ. ಇವೆರಡರ ನಡುವೆ ಇರುವುದರಲ್ಲಿ ಅರ್ಧದಷ್ಟು ನಮಗೆ ಬೇಡದ ವೈಭವ.

ಕನ್ನಡಿಯ ಕಥೆ ಹೀಗಿದೆ. ಹಳೆಯ ಬಗೆಯ ಡಿ.ಎಸ್.ಎಲ್.ಆರ್. ಕ್ಯಾಮರಾ ತನ್ನ ಹೊಟ್ಟೆಯೊಳಗೆ ಒಂದು ಪುಟ್ಟ ಕನ್ನಡಿಯನ್ನು ಇಟ್ಟುಕೊಂಡಿರುತ್ತದೆ. ಮಸೂರದ ಹಿಂದೆ 45 ಡಿಗ್ರಿ ಓರೆಯಾಗಿ ನಿಂತ ಈ ಕನ್ನಡಿ ಒಳಬಂದ ಬೆಳಕನ್ನು ಮೇಲಕ್ಕೆ ತಿರುಗಿಸುತ್ತದೆ. ಮೇಲೆ ಪೆಂಟಾಪ್ರಿಸಂ ಎಂಬ ಗಾಜಿನ ತುಂಡು ಅದನ್ನು ನೆಟ್ಟಗೆ ಮಾಡಿ ನಾವು ಕಣ್ಣಿಡುವ ಕಿಂಡಿಗೆ ಕಳಿಸುತ್ತದೆ. ಗುಂಡಿ ಒತ್ತಿದಾಗ ಕನ್ನಡಿ ಮೇಲಕ್ಕೆ ಹಾರುತ್ತದೆ. ಷಟರಿನ ಪರದೆ ಸರಿದು ಹಿಂದಿರುವ ಸೆನ್ಸರಿನ ಮೇಲೆ ಬೆಳಕು ಬೀಳುತ್ತದೆ. ಕನ್ನಡಿ ಮತ್ತೆ ಕೆಳಗಿಳಿಯುತ್ತದೆ. "ಟಪಕ್" ಎಂಬ ಆ ಸದ್ದಿನ ಕ್ಷಣದಲ್ಲಿ ಕಿಂಡಿ ಕತ್ತಲು. ಎಂದರೆ, ಛಾಯಾಗ್ರಾಹಕನು ಚಿತ್ರ ಮೂಡುವ ಕ್ಷಣವೊಂದನ್ನು ಬಿಟ್ಟು ಉಳಿದೆಲ್ಲ ಕ್ಷಣಗಳನ್ನೂ ನೋಡುತ್ತಾನೆ!

ಇಷ್ಟು ಬಳಸುದಾರಿ ಏಕೆ ಎಂದು ಕೇಳಬಹುದು. ಫಿಲ್ಮಿನ ಕಾಲದಲ್ಲಿ ಬೇರೆ ದಾರಿಯೇ ಇರಲಿಲ್ಲ. ಫಿಲ್ಮಿನ ಮೇಲೆ ಒಮ್ಮೆ ಬೆಳಕು ಬಿದ್ದರೆ ಮುಗಿಯಿತು. ಅದರ ಕಣ್ಣಿನಿಂದ ನಾವು ಇಣುಕಿ ನೋಡುವಂತಿಲ್ಲ. ಸೆನ್ಸರು ಬಂದ ಮೇಲೆ ಈ ನಿರ್ಬಂಧ ಹೋಯಿತು. 1975ರಲ್ಲಿ ಕೊಡಾಕ್ ಕಂಪನಿಯ ಸ್ಟೀವನ್ ಸ್ಯಾಸನ್ ಎಂಬ ತರುಣ ಎಂಜಿನಿಯರ್ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮರಾದ ಚಿತ್ರದಲ್ಲಿ ಇದ್ದದ್ದು ಹತ್ತು ಸಾವಿರ ಚುಕ್ಕೆ. ಅದನ್ನು ಕ್ಯಾಸೆಟ್ಟಿನ ಟೇಪಿನ ಮೇಲೆ ಬರೆದುಕೊಳ್ಳಲು 23 ಸೆಕೆಂಡು ಬೇಕಾಯಿತು. ಅಂಥ ನಿಧಾನದ ಕಣ್ಣಿನಿಂದ ಯಾರು ತಾನೇ ಓಡುವ ಮಗುವನ್ನು ನೋಡಿಯಾರು? ಆದ್ದರಿಂದ ಕಾರಣ ತೀರಿಹೋದ ಮೇಲೂ ಕನ್ನಡಿ ಬಹಳ ವರ್ಷ ಉಳಿಯಿತು. ಸೆನ್ಸರು ಚುರುಕಾಗಿ, ಬೆರಳುಗುರಿನಷ್ಟು ಪರದೆಯಲ್ಲಿ ಸ್ಪಷ್ಟವಾದ ಚಿತ್ರ ತೋರಿಸುವುದು ಸಾಧ್ಯವಾದಾಗ, 2008ರಲ್ಲಿ ಪ್ಯಾನಸಾನಿಕ್ ಕಂಪನಿ ಲ್ಯೂಮಿಕ್ಸ್ ಜಿ1 ಎಂಬ ಕ್ಯಾಮರಾದಲ್ಲಿ ಕನ್ನಡಿಯನ್ನು ತೆಗೆದುಹಾಕಿತು. 2013ರಲ್ಲಿ ಸೋನಿಯವರು ಹಳೆಯ ಫಿಲ್ಮಿನಷ್ಟೇ ದೊಡ್ಡದಾದ, 36 ಮಿ.ಮೀ.ಗೆ 24 ಮಿ.ಮೀ. ಅಳತೆಯ ಸೆನ್ಸರನ್ನು ಇಂಥ ದೇಹದಲ್ಲಿ ಕೂರಿಸಿದರು. 2018ರಲ್ಲಿ ನಿಕಾನ್, ಕ್ಯಾನನ್ ಎರಡೂ ಅದೇ ಹಾದಿ ಹಿಡಿದವು. ನಮ್ಮ ಮದುವೆಮನೆಗಳಿಗೆ ಅದರ ಸುದ್ದಿ ಬರಲು ಇನ್ನು ನಾಲ್ಕಾರು ವರ್ಷ ಹಿಡಿಯಿತು.

ಈಗ ಆ ಒಂಬತ್ತನೆಯ ಪುಟದ ಸಾಲಿಗೆ ಬರೋಣ. ಅದರ ತಾತ್ಪರ್ಯವಿಷ್ಟು: ಕಿಂಡಿಯಲ್ಲಿ ಕಾಣುವುದು ಹೊರಗಿನ ದೃಶ್ಯವಲ್ಲ, ಮೂಡಲಿರುವ ಚಿತ್ರ. ಹಳೆಯ ಕ್ಯಾಮರಾದ ಕಿಂಡಿ ನಿಜಕ್ಕೂ ಕಿಟಕಿಯೇ. ಅದರಲ್ಲಿ ನೋಡಿದರೆ ಜಗತ್ತು ಇದ್ದಂತೆ ಕಾಣುತ್ತದೆ. ಚಿತ್ರ ಕಪ್ಪಾಗುವುದೋ ಬೆಳ್ಳಗಾಗುವುದೋ ಎಂಬುದನ್ನು ಛಾಯಾಗ್ರಾಹಕನು ಅಂಕಿಗಳಿಂದ ಊಹಿಸಬೇಕು. ಹೊಸತರಲ್ಲಿ ಕಿಂಡಿಯೊಳಗೆ ಪುಟ್ಟ ಪರದೆಯಿದೆ. ಬೆಳಕಿನ ಚಕ್ರವನ್ನು ತಿರುಗಿಸಿದರೆ ಒತ್ತುವ ಮೊದಲೇ ಚಿತ್ರ ಮಂಕಾಗುವುದು, ಬೆಳಗುವುದು, ಬಣ್ಣ ಬದಲಾಗುವುದು ಎಲ್ಲವೂ ಕಾಣುತ್ತದೆ.

ಇದರ ಬೆಲೆ ನನಗೆ ತಿಳಿದದ್ದು ಓದಿನಿಂದಲ್ಲ. ಅಣ್ಣನ ಸ್ನೇಹಿತರೊಬ್ಬರು ಮಾಲೂರಿನಲ್ಲಿದ್ದಾರೆ. ಕಂತಿನ ಮೇಲೆ ಮಿರರ್‌ಲೆಸ್ ಕೊಂಡವರು. ಯುಗಾದಿ ಕಳೆದು ಮೂರು ವಾರಕ್ಕೆ, ಮುಳಬಾಗಿಲಿನ ಹತ್ತಿರದ ಹಳ್ಳಿಯೊಂದರ ಮದುವೆಗೆ, ಪರೀಕ್ಷೆ ಮಾಡಿ ನೋಡೆಂದು ಎರಡು ದಿನದ ಮಟ್ಟಿಗೆ ಅದನ್ನು ಅಣ್ಣನಿಗೆ ಕೊಟ್ಟರು. ಮನೆಯ ಮುಂದೆ ಕೆಂಪು ಹಳದಿ ಬಟ್ಟೆಯ ಶಾಮಿಯಾನ. ಮೇಲೆ ಚೈತ್ರದ ಬಿಸಿಲು. ಶಾಮಿಯಾನದ ಕೆಳಗೆ ನಿಂತವರೆಲ್ಲ ಅರಿಸಿನದ ನೀರಿನಲ್ಲಿ ಮುಳುಗೆದ್ದವರಂತೆ. ನಮ್ಮ ಕಣ್ಣು ಇಂಥ ಬಣ್ಣಕ್ಕೆ ಒಂದು ನಿಮಿಷದಲ್ಲಿ ಹೊಂದಿಕೊಂಡು ಬಿಳಿಯ ಪಂಚೆಯನ್ನು ಬಿಳಿಯೆಂದೇ ಕಾಣುತ್ತದೆ. ಕ್ಯಾಮರಾಕ್ಕೆ ಆ ಸೌಜನ್ಯವಿಲ್ಲ. ಹಳೆಯ ಕ್ಯಾಮರಾದಲ್ಲಾದರೆ ಮನೆಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತಾಗ ಈ ಅನಾಹುತ ತಿಳಿಯುತ್ತಿತ್ತು. ಇಲ್ಲಿ ಕಿಂಡಿಯಲ್ಲೇ ಹಳದಿ ರಾಚುತ್ತಿತ್ತು. ಅಣ್ಣ ಎರಡು ಸಲ ಚಕ್ರ ತಿರುಗಿಸಿ, ಪುರೋಹಿತರ ಪಂಚೆ ಬೆಳ್ಳಗಾದದ್ದನ್ನು ನೋಡಿ, ಮುಂದಕ್ಕೆ ಹೋದ.

ಇನ್ನೊಂದು ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಆ ಮದುಮಗಳು ನನ್ನಂತೆಯೇ ಎಣ್ಣೆಗಪ್ಪು ಬಣ್ಣದವಳು. ಉಟ್ಟದ್ದು ಬಿಳಿಯ ಧಾರೆ ಸೀರೆ. ಕ್ಯಾಮರಾದ ಬೆಳಕಿನ ಮಾಪಕಕ್ಕೆ ಒಂದು ಮೂಢನಂಬಿಕೆಯಿದೆ: ತನ್ನ ಮುಂದಿರುವುದೆಲ್ಲ ಸರಾಸರಿಯಲ್ಲಿ ಬೂದುಬಣ್ಣದ್ದು, ಬಿದ್ದ ಬೆಳಕಿನಲ್ಲಿ ಸುಮಾರು ನೂರಕ್ಕೆ 18 ಭಾಗವನ್ನು ಹಿಂದಿರುಗಿಸುವಂಥದ್ದು ಎಂದು ಅದು ಎಣಿಸುತ್ತದೆ. ಚೌಕಟ್ಟಿನ ತುಂಬ ಬಿಳಿಯ ಸೀರೆಯಿದ್ದರೆ, "ಇದೇನು ಇಷ್ಟು ಬೆಳಕು" ಎಂದು ಬೆದರಿ ಇಡೀ ಚಿತ್ರವನ್ನು ಮಂಕು ಮಾಡುತ್ತದೆ. ಸೀರೆ ಬೂದಿಯಾಗುತ್ತದೆ; ಮುಖ ಕತ್ತಲೆಗೆ ಸರಿಯುತ್ತದೆ. ಆಮೇಲೆ ಸ್ಟುಡಿಯೋದಲ್ಲಿ ಕೂತು ಮುಖವನ್ನು ಎತ್ತುವ ಕೆಲಸ ಆರಂಭ. ಎತ್ತುತ್ತ ಎತ್ತುತ್ತ ಅದು ಸುಣ್ಣ ಬಳಿದ ಗೋಡೆಯಾಗುತ್ತದೆ. ನಮ್ಮ ಸೀಮೆಯ ಆಲ್ಬಂಗಳಲ್ಲಿ ಮದುಮಕ್ಕಳ ಮುಖ ಒಂದು ಬಣ್ಣ, ಕೈ ಒಂದು ಬಣ್ಣವಾಗಿರುವುದನ್ನು ನೋಡದವರು ಯಾರು? ಇದಕ್ಕೆಲ್ಲ ಬಿಳುಪಿನ ಮೋಹವೇ ಕಾರಣವೆಂದು ನಾನು ಬಹುಕಾಲ ತಿಳಿದಿದ್ದೆ. ಮೋಹ ಇರುವುದು ನಿಜ. ಆದರೆ ಅರ್ಧ ತಪ್ಪು ಚಿತ್ರ ತೆಗೆಯುವಾಗಲೇ ನಡೆದುಹೋಗಿರುತ್ತದೆ.

ಅಲಂಕಾರದ ಕೋಣೆಯಲ್ಲಿ ಕಿಟಕಿಯ ಬೆಳಕೊಂದೇ ಇತ್ತು. ನಾನು ಕಿಂಡಿಯಲ್ಲಿ ಕಣ್ಣಿಟ್ಟಾಗ ಅವಳ ಮುಖ ಮಸಕಾಗಿರುವುದು ಕಣ್ಣಿಗೇ ಕಂಡಿತು. ಚಕ್ರವನ್ನು ಎರಡು ಹಲ್ಲು ಮೇಲಕ್ಕೆ ತಿರುಗಿಸಿದೆ. ಸೀರೆ ಬೆಳಗಿತು, ಮುಖದ ಕಪ್ಪು ಕಪ್ಪಾಗಿಯೇ, ಹೊಳಪಿನೊಡನೆ, ಮೇಲೆದ್ದಿತು. ಆ ಚಿತ್ರವನ್ನು ಹಿಂದಿನ ಪರದೆಯಲ್ಲಿ ನೋಡಿದ ಅವಳ ಅಜ್ಜಿ, "ನಮ್ಮ ಹುಡುಗಿ ಇದ್ದಂಗೇ ಅವ್ಳೆ" ಎಂದರು. ಹೊಗಳಿಕೆಯೋ ದೂರೋ ಆ ಗಳಿಗೆ ತಿಳಿಯಲಿಲ್ಲ. ಆಲ್ಬಂ ಆಯುವಾಗ ಮೊದಲ ಪುಟಕ್ಕೆ ಅದನ್ನೇ ಹಾಕಿಸಿದರು.

ಒಂದು ಎಚ್ಚರಿಕೆ. ಫ್ಲಾಷ್ ಹಚ್ಚಿದರೆ ಈ ಮಾತು ನಡೆಯದು. ಫ್ಲಾಷಿನ ಬೆಳಕು ಗುಂಡಿ ಒತ್ತಿದಾಗ ಮಾತ್ರ ಹುಟ್ಟುವುದರಿಂದ ಕಿಂಡಿ ಅದನ್ನು ಮುಂಚಿತವಾಗಿ ತೋರಿಸಲಾರದು. ಮುಹೂರ್ತ ಬೆಳಗಿನ ಜಾವ ನಾಲ್ಕೂವರೆಗಿದ್ದರೆ ಹಳೆಯ ಊಹೆಯೇ ಗತಿ.

ಅಣ್ಣನಿಗೆ ಎಫ್ ಸಂಖ್ಯೆಯ ಗುಟ್ಟನ್ನು ತಿಳಿಸಲು ನಾನು ಎರಡು ವರ್ಷ ಪಾಡುಪಟ್ಟಿದ್ದೇನೆ. ಸಂಖ್ಯೆ ಚಿಕ್ಕದಾದರೆ ಮಸೂರದ ತೂತು ದೊಡ್ಡದು ಎಂಬುದು ಅವನಿಗೆ ಸರ್ಕಾರಿ ಆದೇಶದಂತೆ ತಲೆಕೆಳಗಾಗಿ ತೋರುತ್ತಿತ್ತು. ಅದು ಭಾಗಾಕಾರ ಎಂದು ಹೇಳಿದೆ. 50 ಮಿ.ಮೀ. ಮಸೂರದಲ್ಲಿ ಎಫ್ 2 ಎಂದರೆ ಐವತ್ತನ್ನು ಎರಡರಿಂದ ಭಾಗಿಸು, 25 ಮಿ.ಮೀ. ಅಗಲದ ತೂತು, ಎಫ್ 16 ಎಂದರೆ ಹದಿನಾರರಿಂದ ಭಾಗಿಸು, ಮೂರು ಮಿ.ಮೀ.ಗೆ ತುಸು ಹೆಚ್ಚು. ಹಲಗೆಯ ಮೇಲೆ ಬರೆದೂ ತೋರಿಸಿದೆ. ಅವನು "ಹೂಂ" ಎಂದು ಮರುದಿನ ಮರೆತ. ಮಾಲೂರಿನವರ ಕ್ಯಾಮರಾ ಕೈಗೆ ಬಂದ ಅರ್ಧ ಗಂಟೆಯಲ್ಲಿ, ನನ್ನ ಸಹಾಯವಿಲ್ಲದೆ, ಚಕ್ರ ತಿರುಗಿಸುತ್ತ ಕಣ್ಣಿನಿಂದಲೇ ಎಲ್ಲವನ್ನೂ ಕಲಿತುಬಿಟ್ಟ. ಕಿಂಡಿಯ ಮೂಲೆಯಲ್ಲಿ ಬೆಟ್ಟದ ಸಾಲಿನಂತೆ ಕಾಣುವ ಹಿಸ್ಟೋಗ್ರಾಂ ಎಂಬ ನಕ್ಷೆಯನ್ನು ತೋರಿಸಿ, "ಬೆಟ್ಟ ಬಲಗಡೆ ಗೋಡೆಗೆ ಹತ್ಕೊಂಡ್ರೆ ಬಿಳೀದು ಸುಟ್ಟೋಯ್ತದೆ, ಅಷ್ಟೇ ಅಲ್ವಾ?" ಎಂದ. ಅಷ್ಟೇ. ನಾನು ಅದನ್ನೇ ಎರಡು ಪುಟದ ಇಂಗ್ಲಿಷಿನಲ್ಲಿ ಓದಿ ಅರೆಬರೆ ತಿಳಿದಿದ್ದೆ.

ಇದನ್ನು ಕೇಳಿದ ನಮ್ಮ ಅಧ್ಯಾಪಕರೊಬ್ಬರು, ಹೀಗೆ ಎಲ್ಲವನ್ನೂ ಯಂತ್ರವೇ ತೋರಿಸಿಕೊಟ್ಟರೆ ಕಲೆಗೆ ಸಾಧನೆ ಏತಕ್ಕೆ ಎಂದರು. ಅವರ ಮೇಲಿನ ಗೌರವಕ್ಕೆ ಕುಂದು ಬಾರದಂತೆ ಅವರ ಮಾತನ್ನು ಒಪ್ಪದಿರುತ್ತೇನೆ. ಮೈಸೂರಿನ ವಿ. ಕೆ. ಮೂರ್ತಿಯವರು 1959ರ "ಕಾಗಜ್ ಕೆ ಫೂಲ್" ಚಿತ್ರಕ್ಕಾಗಿ, ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ತಿರುಗಿಸಿ ಸ್ಟುಡಿಯೋದೊಳಗೆ ಬೆಳಕಿನ ಕೋಲೊಂದನ್ನು ಇಳಿಬಿಟ್ಟದ್ದು ಪ್ರಸಿದ್ಧವಾದ ಸಂಗತಿ. 2008ರ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಆ ಬೆಳಕು ಎಲ್ಲಿ ಬೀಳಬೇಕೆಂದು ಯೋಚಿಸಿದ್ದು ಮೂರ್ತಿಯವರ ತಲೆ, ಕನ್ನಡಿಯಲ್ಲ. ಹಾಗೆಯೇ ಕಿಂಡಿ ಬೆಳಕನ್ನು ತೋರಿಸೀತು, ಎಲ್ಲಿ ನಿಲ್ಲಬೇಕೆಂದು ಹೇಳೀತೇ? ಸಾಧನೆಯ ಹೆಸರಿನಲ್ಲಿ ನಾವು ಕಾಪಾಡಿಕೊಂಡು ಬಂದದ್ದು ಬಹುಮಟ್ಟಿಗೆ ಇಂಗ್ಲಿಷ್ ಬಲ್ಲವರ ಅನುಕೂಲವೇ. ಅಂಕಿ ಓದಲು ಬಂದವನು ಒಳಗೆ, ಬಾರದವನು ಹೊರಗೆ.

ಇನ್ನು ಪುಸ್ತಿಕೆಯ ದಪ್ಪಕ್ಷರಗಳು. ಮೊದಲನೆಯದು ಕಣ್ಣನ್ನು ಹುಡುಕಿ ಫೋಕಸ್ ಮಾಡುವ ಗುಣ. ಹಳೆಯ ಕ್ಯಾಮರಾದಲ್ಲಿ ಫೋಕಸಿಗೆ ಬೇರೆಯೇ ಒಂದು ಸೆನ್ಸರು ತಳದಲ್ಲಿರುತ್ತದೆ. ಮುಖ್ಯ ಕನ್ನಡಿಯ ಹಿಂದಿನ ಮರಿಕನ್ನಡಿ ಅದಕ್ಕೆ ಬೆಳಕು ಕೊಡುತ್ತದೆ. ಎರಡು ದಾರಿಗಳ ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸ ಬಂದರೂ ಕಣ್ಣಿನ ಬದಲು ಕಿವಿ ಸ್ಪಷ್ಟವಾಗುತ್ತದೆ. ಹೊಸತರಲ್ಲಿ ಚಿತ್ರ ಮೂಡುವ ಸೆನ್ಸರೇ ಫೋಕಸನ್ನೂ ನೋಡಿಕೊಳ್ಳುವುದರಿಂದ ಆ ವ್ಯತ್ಯಾಸಕ್ಕೆ ಎಡೆಯಿಲ್ಲ. ಕಣ್ಣಿನ ಮೇಲೆ ಪುಟ್ಟ ಚೌಕವೊಂದು ಕೂತು, ವ್ಯಕ್ತಿ ಅತ್ತಿತ್ತ ಸರಿದರೂ ಬಿಡದೆ ಹಿಂಬಾಲಿಸುತ್ತದೆ. ಇದು ನಿಜವಾಗಿ ಉಪಯುಕ್ತ. ನಾನು ಸುಮ್ಮನೆ ಒಪ್ಪಿಕೊಳ್ಳುತ್ತೇನೆ. ಬಾಸಿಂಗದ ಹೂವಿನ ಎಳೆಗಳು ವರನ ಹುಬ್ಬಿನ ಮೇಲೆ ಇಳಿಬಿದ್ದಾಗ ಮಾತ್ರ ನಮ್ಮ ಚೌಕ ಗಾಬರಿಗೊಂಡು ಹಿಂದೆ ಕೂತ ಸೋದರತ್ತೆಯ ಕಣ್ಣಿಗೆ ಹಾರುತ್ತಿತ್ತು. ಬಾಸಿಂಗ ಕಟ್ಟುವ ಪದ್ಧತಿ ಆ ಯಂತ್ರವನ್ನು ತಯಾರಿಸಿದವರ ಗಮನಕ್ಕೆ ಬಂದಿಲ್ಲವೆಂದು ತೋರುತ್ತದೆ.

ಎರಡನೆಯದು ಮೌನ. ಕನ್ನಡಿಯೂ ಇಲ್ಲ, ಷಟರಿನ ಪರದೆಯನ್ನೂ ಬಳಸದೆ ಸೆನ್ಸರನ್ನೇ ವಿದ್ಯುತ್ತಿನಿಂದ ಓದಿಬಿಡಬಹುದು, ಸದ್ದೇ ಇರುವುದಿಲ್ಲ. ವಾಲಗದ ಮುಂದೆ ಕ್ಯಾಮರಾದ ಸದ್ದು ಯಾರಿಗೆ ಕೇಳೀತೆಂದು ನಾನು ನಕ್ಕಿದ್ದೆ. ಆದರೆ ಹೆಣ್ಣೊಪ್ಪಿಸುವಾಗ ವಾಲಗ ನಿಂತಿತು. ತಂದೆ ಮಗಳ ಕೈಯನ್ನು ಬೀಗರ ಕೈಯಲ್ಲಿಟ್ಟು ಮಾತು ಬಾರದೆ ನಿಂತರು. ಅಣ್ಣ ಎರಡಡಿ ದೂರದಿಂದ ಇಪ್ಪತ್ತು ಚಿತ್ರ ತೆಗೆದ. ಒಬ್ಬರೂ ಅವನ ಕಡೆ ತಿರುಗಿ ನೋಡಲಿಲ್ಲ. ನನ್ನ ನಗೆಯನ್ನು ಹಿಂತೆಗೆದುಕೊಂಡೆ.

ಅದೇ ಮೌನ ಸಂಜೆಯ ಆರತಕ್ಷತೆಯಲ್ಲಿ ನಮ್ಮನ್ನು ಕೈಬಿಟ್ಟಿತು. ವೇದಿಕೆಯ ಎಲ್.ಇ.ಡಿ. ದೀಪಗಳ ಕೆಳಗೆ ತೆಗೆದ ಚಿತ್ರಗಳಲ್ಲೆಲ್ಲ ಅಡ್ಡಡ್ಡ ಕಪ್ಪು ಪಟ್ಟೆ! ಹಳೆಯ ಗೋಣಿತಾಟಿನ ಹಿಂದೆ ಗಂಡುಹೆಣ್ಣನ್ನು ನಿಲ್ಲಿಸಿದಂತಿತ್ತು. ಕಾರಣವನ್ನು ಆಮೇಲೆ ಹುಡುಕಿ ತಿಳಿದೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಸಲ ಆವರ್ತಿಸುವುದರಿಂದ ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ಇದು ಕಾಣದು. ಮೌನದ ವಿಧಾನದಲ್ಲಿ ಸೆನ್ಸರು ಇಡೀ ಚಿತ್ರವನ್ನು ಒಮ್ಮೆಗೇ ಓದುವುದಿಲ್ಲ. ನಾವು ಪುಟ ಓದುವಂತೆ ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುತ್ತದೆ. ಆ ಓದಿಗೆ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗ ಹಿಡಿದರೆ ಅಷ್ಟರಲ್ಲಿ ದೀಪ ಐದು ಸಲ ಮಿಣುಕಿರುತ್ತದೆ, ಐದು ಪಟ್ಟೆ. ಪರದೆಯ ಷಟರಿಗೆ ಮರಳುವುದು, ಇಲ್ಲವೆ ವೇಗವನ್ನು ನೂರನೆಯ ಅಥವಾ ಐವತ್ತನೆಯ ಒಂದು ಭಾಗಕ್ಕೆ ಇಳಿಸುವುದು, ಇದಕ್ಕೆ ಪರಿಹಾರ. 2021ರ ನಿಕಾನ್ ಜೆಡ್9 ಓದಿನ ವೇಗದ ಬಲದಿಂದ ಪರದೆಯ ಷಟರನ್ನೇ ತೊರೆಯಿತು. 2023ರಲ್ಲಿ ಸೋನಿಯವರು ಸಾರಿದ ಎ9-3 ಎಲ್ಲ ಸಾಲುಗಳನ್ನೂ ಏಕಕಾಲಕ್ಕೆ ಓದುತ್ತದೆ. ಅವುಗಳ ಬೆಲೆಯನ್ನು ಅಣ್ಣನಿಗೆ ನಾನು ಓದಿ ಹೇಳಲಿಲ್ಲ.

ಮೂರನೆಯದು ಚುಕ್ಕೆಗಳ ಸಂಖ್ಯೆ. ಇದರಲ್ಲಿ ಹೆಚ್ಚು ಮಾತಿಲ್ಲ. ಆಲ್ಬಂನ ದೊಡ್ಡ ಪುಟ 12 ಅಂಗುಲಕ್ಕೆ 18 ಅಂಗುಲ. ಅಂಗುಲಕ್ಕೆ 300 ಚುಕ್ಕೆಯಂತೆ ಗುಣಿಸಿದರೆ ಒಂದು ಕೋಟಿ ತೊಂಬತ್ನಾಲ್ಕು ಲಕ್ಷದಷ್ಟಾಗುತ್ತದೆ. 24 ಮೆಗಾಪಿಕ್ಸೆಲ್ ಎಂದರೆ ಎರಡು ಕೋಟಿ ನಲವತ್ತು ಲಕ್ಷ. ಅಣ್ಣನ ಹಳೆಯ ಕ್ಯಾಮರಾದಲ್ಲೇ ಅಷ್ಟಿದೆ. ನಾಲ್ಕೂವರೆ ಕೋಟಿ ಚುಕ್ಕೆಗಾಗಿ ಸಾಲ ಮಾಡುವವನು ಚುಕ್ಕೆಯನ್ನು ಮಾರಿ ಸಾಲ ತೀರಿಸಲಾರ.

ಪುಸ್ತಿಕೆ ಮೆಲ್ಲನೆ ದಾಟಿಹೋಗುವ ವಿಷಯಗಳೂ ಇವೆ. ಒಂದು ಬ್ಯಾಟರಿ. ಕನ್ನಡಿಗೆ ವಿದ್ಯುತ್ತು ಬೇಡ. ಪುಟ್ಟ ಪರದೆಗೆ ಸದಾ ಬೇಕು. ನಿಕಾನಿನ ಡಿ750 ಎಂಬ ಹಳೆಯ ಕ್ಯಾಮರಾ ಒಮ್ಮೆ ಚಾರ್ಜು ಮಾಡಿದರೆ 1230 ಚಿತ್ರ ತೆಗೆಯುತ್ತದೆಂಬುದು ಅಧಿಕೃತ ಲೆಕ್ಕ. 2013ರ ಮೊದಲ ಸೋನಿ ಎ7ರ ಲೆಕ್ಕ ಸುಮಾರು 340. ಈಚಿನವು ಸುಧಾರಿಸಿವೆ. ಆದರೂ ಕರೆಂಟು ಹೋಗಿ ಬರುವ ಹಳ್ಳಿಯಲ್ಲಿ ಎರಡು ದಿನದ ಮದುವೆಯೆಂದರೆ ಮೂರು ಬ್ಯಾಟರಿ ಬೇಕೇ ಬೇಕು. ಮತ್ತೊಂದು ಧೂಳು. ಹಳೆಯದರಲ್ಲಿ ಕನ್ನಡಿಯೂ ಷಟರಿನ ಪರದೆಯೂ ಸೆನ್ಸರಿಗೆ ಬಾಗಿಲಿನಂತಿದ್ದವು. ಹೊಸತರಲ್ಲಿ ಮಸೂರ ಕಳಚಿದರೆ ಸೆನ್ಸರು ಬಯಲಿಗೇ ಬರುತ್ತದೆ. ಕ್ಯಾನನ್ ಮೊದಲಾದವರ ಕೆಲವು ಕ್ಯಾಮರಾಗಳಲ್ಲಿ ಮಾತ್ರ ಆರಿಸಿದಾಗ ಪರದೆ ಮುಚ್ಚಿಕೊಳ್ಳುತ್ತದೆ. ಇಟ್ಟಿಗೆ ಹೆಂಚುಗಳ ಊರಾದ ಮಾಲೂರಿನಲ್ಲಿ ಕೆಲಸ ಮಾಡುವ ಆ ಸ್ನೇಹಿತರು ಮಸೂರ ಬದಲಿಸಬೇಕಾದಾಗ ಕಾರಿನೊಳಗೆ ಕೂತು ಕಿಟಕಿ ಏರಿಸಿಕೊಳ್ಳುತ್ತಾರೆ.

ಕೊನೆಯ ಪುಟದ ಇರುವೆಯಕ್ಷರ ಉಳಿಯಿತು. ಕನ್ನಡಿ ನಿಲ್ಲಲು ಜಾಗ ಬೇಕಾಗಿದ್ದರಿಂದ ನಿಕಾನಿನ ಹಳೆಯ ಎಫ್ ಮಾದರಿಯಲ್ಲಿ ಮಸೂರ ಕೂರುವ ಬಾಯಿಗೂ ಸೆನ್ಸರಿಗೂ ನಡುವೆ 46.5 ಮಿ.ಮೀ. ಅಂತರವಿತ್ತು. ಕನ್ನಡಿ ಹೋದ ಮೇಲೆ ಜೆಡ್ ಮಾದರಿಯಲ್ಲಿ ಅದು 16 ಮಿ.ಮೀ. ಆಯಿತು. ಹೆಚ್ಚುಳಿದ 30.5 ಮಿ.ಮೀ. ಉದ್ದದ ಕೊಳವೆಯೊಂದನ್ನು ನಡುವೆ ಸಿಕ್ಕಿಸಿದರೆ ಹಳೆಯ ಮಸೂರ ಹೊಸ ದೇಹದಲ್ಲಿ ಕೂರುತ್ತದೆ. ಕ್ಯಾಮರಾ ತೋರಿಸಿದ ಅಂಗಡಿಯವರು, "ನಿಮ್ಮ ಹಳೇ ಲೆನ್ಸೆಲ್ಲಾ ಕೂರ್ತವೆ" ಎಂದು ಇದನ್ನೇ ಹೇಳಿದ್ದರು. ಸುಳ್ಳಲ್ಲ. ಕೂರುತ್ತವೆ. ಆದರೆ ನಿಕಾನಿನ ಹಳೆಯ ಎ.ಎಫ್.ಡಿ. ಬಗೆಯ ಮಸೂರಗಳಲ್ಲಿ ಮೋಟಾರು ಇರುವುದಿಲ್ಲ. ಕ್ಯಾಮರಾದ ದೇಹದಿಂದ ಹೊರಚಾಚಿದ ತಿರುಪೊಂದು ಅವನ್ನು ತಿರುಗಿಸಿ ಫೋಕಸ್ ಮಾಡುತ್ತದೆ. ಕಂಪನಿಯ ಎಫ್‌ಟಿಜೆಡ್ ಕೊಳವೆಯಲ್ಲಿ ಆ ತಿರುಪಿಲ್ಲ. ಒಳಗೆ ಮೋಟಾರುಳ್ಳ ಎ.ಎಫ್.ಎಸ್. ಬಗೆಯವು ಮೊದಲಿನಂತೆ ತಾವೇ ಫೋಕಸ್ ಮಾಡುತ್ತವೆ. ಡಿ ಬಗೆಯವನ್ನು ಕೈಯಿಂದ ತಿರುಗಿಸಬೇಕು. ಇಷ್ಟನ್ನೂ ಪುಸ್ತಿಕೆ ಒಂದು ನಕ್ಷತ್ರಚಿಹ್ನೆಯ ಕೆಳಗೆ ಬರೆದಿತ್ತು. ಸುಳ್ಳಾಡದೆ ಮುಚ್ಚಿಡುವ ವಿದ್ಯೆಗೆ ಇದಕ್ಕಿಂತ ಒಳ್ಳೆಯ ಪಾಠ ನಮ್ಮ ಪಠ್ಯಗಳಲ್ಲಿಲ್ಲ.

ಅಣ್ಣ ಮುಖಚಿತ್ರಗಳಿಗೆಲ್ಲ ಬಳಸುವ 50 ಮಿ.ಮೀ. ಮಸೂರ ಡಿ ಬಗೆಯದು. ಅವನ ಮೊದಲ ಸಂಪಾದನೆಯಲ್ಲಿ ಕೊಂಡದ್ದು. ಇದನ್ನು ನಾನು ಓದಿ ಹೇಳಿದಾಗ ಅವನು ಪುಸ್ತಿಕೆಯನ್ನು ಮಡಚಿ, "ಅಂದ್ರೆ ಇನ್ನೊಂದು ಲೆನ್ಸೂ ತಗೋಬೇಕು" ಎಂದು ಸುಮ್ಮನಾದ.

ಕೈಯಿಂದ ತಿರುಗಿಸುವುದು ಅಸಾಧ್ಯವೇನಲ್ಲ. ಸ್ಪಷ್ಟವಾದ ಅಂಚುಗಳ ಮೇಲೆ ಕಿಂಡಿ ಕೆಂಪು ಗೆರೆ ಹಚ್ಚಿ ತೋರಿಸುತ್ತದೆ. ಬೇಕಾದಲ್ಲಿ ದೊಡ್ಡದು ಮಾಡಿಯೂ ನೋಡಬಹುದು. ಕ್ಯಾಮರಾ ಹಿಂತಿರುಗಿಸುವ ಮುನ್ನ ಅದೇ 50 ಮಿ.ಮೀ. ಮಸೂರವನ್ನು ಸ್ನೇಹಿತರ ಕೊಳವೆಯ ಮೂಲಕ ಹಾಕಿಕೊಂಡು ನಮ್ಮೂರ ಕೆರೆಯ ಏರಿಯ ಕೆಳಗಿನ ವೀರಗಲ್ಲನ್ನು ಸಂಜೆಯ ಓರೆ ಬಿಸಿಲಿನಲ್ಲಿ ತೆಗೆದೆ. ಸವೆದುಹೋದ ಕುದುರೆಯ ಕಡಿವಾಣ ಕಿಂಡಿಯಲ್ಲಿ ಎದ್ದುಬಂತು; ಬರಿಗಣ್ಣಿಗೆ ಅದು ಯಾವ ಕಾಲದಲ್ಲೂ ಕಂಡಿರಲಿಲ್ಲ. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟ 1905ರಲ್ಲಿ ನಮ್ಮ ಜಿಲ್ಲೆಯ ಶಾಸನಗಳಿಗೆಂದೇ ಹೊರಬಂದದ್ದು ಇತಿಹಾಸದ ವಿದ್ಯಾರ್ಥಿಗಳಿಗೆ ತಿಳಿದಿದೆ. ಆ ಕಲ್ಲುಗಳಲ್ಲಿ ಎಷ್ಟು ಈಗ ಒಗೆಯುವ ಕಲ್ಲಾಗಿವೆಯೋ. ನಮ್ಮ ಇತಿಹಾಸ ವಿಭಾಗಕ್ಕೆ ಇಂಥ ಒಂದು ಕ್ಯಾಮರಾ, ಹಳೆಯದಾದರೂ ಸರಿ, ಇದ್ದರೆ ಒಳ್ಳೆಯದೆಂದು ಅಧ್ಯಾಪಕವೃಂದದಲ್ಲಿ ವಿನಂತಿಸುತ್ತೇನೆ. ಕಲ್ಲು ಅಲ್ಲಾಡುವುದಿಲ್ಲ, ಕೈಯಿಂದ ತಿರುಗಿಸಿದರೆ ಸಾಕು. ಅಲ್ಲಾಡುವ ಮದುಮಗಳಿಗೆ ಸಾಲದು.

ಕೊಳ್ಳುವ ಮಾತು ಮಾವಿನ ಹಣವನ್ನು ನಂಬಿಕೊಂಡಿತ್ತು. 2025ರ ಜೂನ್ ತಿಂಗಳಿನಲ್ಲಿ ನಮ್ಮ ತೋತಾಪುರಿ ಗಡಿಯಾಚೆಯ ಚಿತ್ತೂರಿನ ರಸದ ಕಾರ್ಖಾನೆಗಳಿಗೆ ಹೋಗದಂತೆ ತಡೆಯಾಯಿತು. ಬೆಲೆ ಬಿದ್ದುಹೋಯಿತು. ಶ್ರೀನಿವಾಸಪುರದ ರಸ್ತೆಯಲ್ಲಿ ಹಣ್ಣು ಸುರಿದದ್ದನ್ನು ವಾಚಕರಲ್ಲಿ ಅನೇಕರು ಕಂಡಿದ್ದಾರೆ. ಬಳಿಕ ಕ್ವಿಂಟಲಿಗೆ 1,616 ರೂಪಾಯಿನ ಲೆಕ್ಕದಲ್ಲಿ ನಷ್ಟ ತುಂಬುವ ಘೋಷಣೆ ಬಂತು. ಅಪ್ಪ ಅದರ ಕಾಗದಗಳನ್ನೂ ನನ್ನ ಮುಂದೆಯೇ ಇಟ್ಟರು. ಅಂತೂ ಆ ವರ್ಷದ ಹಣ ಔಷಧಿಯ ಬಾಕಿಗೂ ಕೂಲಿಗೂ ಸರಿಹೋಯಿತು. ಅಂಗಡಿಯವರು ಹದಿನೆಂಟು ಕಂತಿನ ಆಸೆ ತೋರಿಸಿದರು. ಬೇಡವೆಂದು ಹೇಳಿದವಳು ನಾನು. ಆಷಾಢದಲ್ಲಿ ಮದುವೆಯಿಲ್ಲ, ಕಂತಿಗೆ ಆಷಾಢವಿಲ್ಲ.

ಸದ್ಯಕ್ಕೆ ಅಣ್ಣ ಮಾಲೂರಿನ ಸ್ನೇಹಿತರಿಂದ ದಿನಬಾಡಿಗೆಗೆ ತರುತ್ತಾನೆ. ಈ ಏರ್ಪಾಡಿನ ದೋಷ ಬಲ್ಲವರಿಗೆ ಥಟ್ಟನೆ ಹೊಳೆಯುತ್ತದೆ: ಒಳ್ಳೆಯ ಮುಹೂರ್ತ ಎಲ್ಲರಿಗೂ ಒಂದೇ ದಿನ. ಅಂದು ಅವರಿಗೂ ಮದುವೆ, ಇವನಿಗೂ ಮದುವೆ. ಹಾಗಾಗಿ ನಾಮಕರಣ, ಗೃಹಪ್ರವೇಶಗಳಿಗೆ ಕನ್ನಡಿಯಿಲ್ಲದ್ದು, ದೊಡ್ಡ ಮುಹೂರ್ತಗಳಿಗೆ ಕನ್ನಡಿಯದ್ದು. "ಮಿರರ್‌ಲೆಸ್ ಐತಾ?" ಎಂದು ಕೇಳಿದವರಿಗೆ ಅಣ್ಣ ಈಗ ಇದನ್ನೆಲ್ಲ ಮುಚ್ಚಿಡದೆ ಹೇಳಿ, ಆ ಅಜ್ಜಿ ಆರಿಸಿದ ಮೊದಲ ಪುಟದ ಚಿತ್ರವನ್ನು ತೋರಿಸುತ್ತಾನೆ. ಕೆಲವರು ಒಪ್ಪುತ್ತಾರೆ, ಕೆಲವರು ಬೇರೆ ಸ್ಟುಡಿಯೋಗೆ ಹೋಗುತ್ತಾರೆ. ಹಳೆಯ ದೇಹ ಹೊಸ ಮಸೂರಗಳಿಗೆಂದು ಮಾರಾಟಕ್ಕೆ ಬಂದ ಒಂದೆರಡು ಕಡೆ ವಿಚಾರಿಸುತ್ತಲೂ ಇದ್ದಾನೆ. ಮುಂದಿನ ಮದುವೆ ಮುಳಬಾಗಿಲಿನಲ್ಲಿ. ದೀಪ ಹಿಡಿಯಲು ಬರುವೆಯಾ ಎಂದು ಕೇಳಿದ್ದಾನೆ. ನಮ್ಮ ಪರೀಕ್ಷೆಯ ವೇಳಾಪಟ್ಟಿ ಇನ್ನೂ ಹೊರಬಿದ್ದಿಲ್ಲವಾದ್ದರಿಂದ ನಾನು ಉತ್ತರ ಕೊಟ್ಟಿಲ್ಲ.